ಸಹಾಯ ಬೇಕು: ತೀರ್ಥಹಳ್ಳಿ ಸುತ್ತಮುತ್ತ ಮಕ್ಕಳೊಂದಿಗೆ ಗಾಳ ಹಾಕಲು ಜಾಗ

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಮತ್ತು ಭಾನುವಾರ ಹನ್ನೊಂದು ವರ್ಷದ ಮಗಳನ್ನೂ ಏಳು ವರ್ಷದ ಮಗನನ್ನೂ ಕರೆದುಕೊಂಡು ತೀರ್ಥಹಳ್ಳಿ ಬಳಿಯ ಅತ್ತೆಯವರ ಮನೆಗೆ ಹೋಗುತ್ತಿದ್ದೇವೆ. ಅಮೆರಿಕದ ಸರೋವರಗಳಲ್ಲಿ ಬಾಸ್ ಮೀನು ಹಿಡಿಯುವ ವಿಡಿಯೊಗಳನ್ನು ನೋಡಿದ ಮಕ್ಕಳು ತಾವೂ ಗಾಳ ಹಾಕಬೇಕೆಂದು ಹಠ ಹಿಡಿದಿದ್ದಾರೆ. ಆ ಮೀನು ನಮ್ಮ ಹೊಳೆಯದಲ್ಲ, ಇಲ್ಲಿ ಒಂದು ಜಿಲೇಬಿ ಮೀನು ಸಿಕ್ಕರೂ ಅದೇ ದೊಡ್ಡದು ಎಂದು ಹೇಳಿ ಹೇಗೋ ಒಪ್ಪಿಸಿದ್ದೇನೆ.

ಚಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೀನು ಹಿಡಿಯುವಂತಿಲ್ಲ ಎಂಬುದು ಗೊತ್ತಿದೆ. ಅಲ್ಲಿ ಮಂಡಕ್ಕಿ ಹಾಕಿ ಮೀನು ತೋರಿಸಿಕೊಂಡು ಬರುತ್ತೇವೆ, ಅಷ್ಟೇ. ತುಂಗೆಯ ದಡದಲ್ಲಿ ಪಾಚಿಗಟ್ಟಿದ ಬಂಡೆಗಳೂ ಇದ್ದಕ್ಕಿದ್ದಂತೆ ಆಳವಾಗುವ ಗುಂಡಿಗಳೂ ಇರುವುದರಿಂದ, ಹೊಳೆಗಿಂತ ದಡ ಇಳಿಜಾರಾಗಿರುವ ಸಣ್ಣ ಕೆರೆಯೇ ಮಕ್ಕಳಿಗೆ ಮೇಲೆಂದು ನನ್ನ ಅನಿಸಿಕೆ. ಆದರೆ ಅನೇಕ ಕೆರೆಗಳ ಮೀನನ್ನು ಗುತ್ತಿಗೆಗೆ ಕೊಟ್ಟಿರುತ್ತಾರಾದ್ದರಿಂದ, ಕೇಳದೆ ಗಾಳ ಹಾಕಿ ಮಕ್ಕಳೆದುರು ಬೈಸಿಕೊಳ್ಳುವ ಇಚ್ಛೆ ನನಗಿಲ್ಲ. ಒಂದೆರಡು ಗಂಟೆ ಗಾಳ ಹಾಕಲು ಒಪ್ಪುವ ಕೆರೆ ಅಥವಾ ತೋಟದ ಹೊಂಡದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಣ ಕೊಡಲು ಸಿದ್ಧನಿದ್ದೇನೆ.

ಇನ್ನೊಂದು ವಿಷಯ. ಕಳೆದ ಸಲ ಬೆಂಡು ಎರಡು ಬಾರಿ ಮುಳುಗಿದ್ದೇ ತಡ, ಮಗಳು ಬಿದಿರಿನ ಕೋಲನ್ನು ಎಷ್ಟು ಜೋರಾಗಿ ಎಳೆದಳೆಂದರೆ, ಕೊಕ್ಕೆ ಹಾರಿ ಬಂದು ತಮ್ಮನ ಅಂಗಿಯ ತೋಳಿಗೆ ಸಿಕ್ಕಿಕೊಂಡಿತು. ಕೊಕ್ಕೆಯ ತುದಿಯಲ್ಲಿ ಹಿಮ್ಮುಖವಾಗಿರುವ ಒಳಮುಳ್ಳಿನಿಂದಾಗಿ ಬಿಡಿಸಲಾಗದೆ ಬಟ್ಟೆಯನ್ನೇ ಕತ್ತರಿಸಬೇಕಾಯಿತು. ಈ ಬಾರಿ ಆ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿದ್ದೇನೆ. ಹಾಗೆ ಮಾಡಿದಾಗ ಎರೆಹುಳ ಜಾರದೆ ನಿಲ್ಲುತ್ತದೆಯೇ, ಇಲ್ಲವೇ ಕಲಸಿದ ಗೋಧಿಹಿಟ್ಟೇ ವಾಸಿಯೇ? ಏಳು ವರ್ಷದವನ ಅಳತೆಯ ಲೈಫ್ ಜಾಕೆಟ್ ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತದೆಂದೂ ತಿಳಿಸಿದರೆ ಶುಕ್ರವಾರ ಸಂಜೆಯೇ ತಂದಿಟ್ಟುಕೊಳ್ಳುತ್ತೇನೆ.