ಮನೆಗೆ 20 ದಿನ ಬೀಗ, ಒಳಗೆ 14 ಕುಂಡ: ಡ್ರಿಪ್ ಮಾಡ್ಬಹುದಾ?

ಪ್ರಶ್ನೆ (ಕಾರವಾರ, ಕೋಡಿಬಾಗ):
ಇಲ್ಲಿ ಡ್ರಿಪ್ (ಹನಿ ನೀರಾವರಿ) ಕೆಲಸ ಮಾಡೋ ಅಣ್ಣ ಒಬ್ರು ಇದ್ದಾರಂತೆ, ಅವ್ರಿಗೆ ಈ ಪ್ರಶ್ನೆ. ತೋಟದ್ದಲ್ಲ, ನಗಬೇಡಿ. ನಮ್ಮದು ಮೂರನೇ ಮಹಡಿ ಫ್ಲ್ಯಾಟು, ಒಳಗಡೆ 14 ಕುಂಡ ಇದೆ, ಪೀಸ್ ಲಿಲಿ ಎರಡು, ಅರೇಕಾ ಪಾಮ್ ಎರಡು, ಕೋಲಿಗೆ ಹಬ್ಬಿಸಿದ ಮನಿಪ್ಲಾಂಟ್ ಎರಡು, ಬಾಟ್ಲಿ ನೀರಲ್ಲೇ ಇರೋ ಮನಿಪ್ಲಾಂಟ್ ಎರಡು, ಫರ್ನ್ ಒಂದು, ಆಂಥೂರಿಯಂ ಒಂದು, ಸ್ನೇಕ್ ಪ್ಲಾಂಟ್ ಮೂರು, ಝೀಝೀ ಪ್ಲಾಂಟ್ ಒಂದು. ಜುಲೈಯಲ್ಲಿ ಮಗಳ ಹೆರಿಗೆಗೆ ಬೆಂಗಳೂರಿಗೆ ಹೋಗ್ಬೇಕು, ಬಾಣಂತನಕ್ಕೆ ಇಲ್ಲಿಗೇ ಕರ್ಕೊಂಡು ಬರೋದು, ನಡುವೆ 20 ದಿನ ಮನೆಗೆ ಬೀಗ. ಹೋದ ವರ್ಷ ಕೆಳಗಿನ ಮನೆ ಬಾಯಿ (ನಮ್ಮ ಕಡೆ ಹೆಂಗಸರಿಗೆ ಗೌರವದಿಂದ ಹಂಗಂತೀವಿ) ಹತ್ರ ಕೀ ಕೊಟ್ಟು ಹೋಗಿದ್ದೆ, ಪಾಪ ಅವ್ರು ಪ್ರೀತಿಯಿಂದ ದಿನಾ ಒಂದೊಂದು ಚೊಂಬು ನೀರು ಹಾಕಿ ಸ್ನೇಕ್ ಪ್ಲಾಂಟ್ ಬುಡಾನೇ ಕೊಳೆತು ಹೋಯ್ತು, ಅವ್ರಿಗೆ ಹೇಳೋಕೂ ಆಗ್ಲಿಲ್ಲ. ಈ ಸಲ ಬಾಲ್ಕನಿ ನಳಕ್ಕೆ ಟೈಮರ್ ಹಾಕಿ ಡ್ರಿಪ್ ಎಳೆದ್ಬಿಡಿ ಅಂತ ಅಳಿಯ ಹೇಳ್ತಾನೆ. ಮಾಡ್ಬಹುದಾ?

ಉತ್ತರ (ಶಿರಸಿ, ಡ್ರಿಪ್ ಫಿಟ್ಟರ್):
ನಗೋದೆಂತ ಅಕ್ಕ, ಈಗ ಅಡಿಕೆ ತೋಟಕ್ಕಿಂತ ಇಂಥ ಫೋನೇ ಜಾಸ್ತಿ ಬರ್ತದೆ. ಅಳಿಯಂದ್ರು ಹೇಳಿದ್ದು ತಪ್ಪಲ್ಲ, ಆದ್ರೆ ಬೀಗ ಹಾಕಿದ ಮನೆಲಿ ನಳಕ್ಕೆ ಟೈಮರ್ ಹಾಕೋದಕ್ಕೆ ನಾನು ಒಪ್ಪೋದಿಲ್ಲ. ತೋಟದಲ್ಲಿ ಪೈಪ್ ಕಳಚಿದ್ರೆ ನೀರು ಭೂಮಿಗೆ ಹೋಗ್ತದೆ, ನಿಮ್ಮನೆಲಿ ಕಳಚಿದ್ರೆ ಕೆಳಗಿನ ಮನೆ ಬಾಯಿಯ ಸೀಲಿಂಗಿಗೆ ಹೋಗ್ತದೆ. ನಳದ ಹಿಂದೆ ಇಡೀ ಟಾಂಕಿ ಇದೆ. ಅದೇ ಒಂದು ಬಕೆಟ್ ಇಟ್ರೆ ಏನೇ ಆದ್ರೂ ಚೆಲ್ಲೋದು ಆ ಬಕೆಟ್ಟಿನಷ್ಟೇ.

ಮೊದ್ಲು 14 ರಲ್ಲಿ ಆರು ತೆಗೆದು ಬದಿಗಿಡಿ. ಮೂರು ಸ್ನೇಕ್ ಪ್ಲಾಂಟು, ಝೀಝೀ, ಇವಕ್ಕೆ ಕರಾವಳಿ ಮಳೆಗಾಲದಲ್ಲಿ 20 ದಿನ ನೀರು ಬೇಡವೇ ಬೇಡ, ಹೊರಡೋ ಮುಂಚೆ ಒಂದ್ಸಲ ಹಾಕಿ ಮರೆತ್ಬಿಡಿ. ಬಾಟ್ಲಿದಕ್ಕೆ ಬಾಟ್ಲಿ ತುಂಬಿಸಿದ್ರೆ ಆಯ್ತು, ಬಾಟ್ಲಿ ಬಾಯಿಗೆ ಮಾತ್ರ ಹತ್ತಿ ತುರುಕಿ, ಇಲ್ಲಾಂದ್ರೆ ಸೊಳ್ಳೆ. ಉಳಿದಿದ್ದು ಎಂಟು.

ಈಗ ಸಾಮಾನು. ಮುಚ್ಚಳ ಇರೋ 20 ಲೀಟರಿನ ಪೇಂಟಿನ ಬಕೆಟ್, ಚೆನ್ನಾಗಿ ತೊಳೆದಿದ್ದು. ಅದರೊಳಗೆ ಮುಳುಗಿಸೋ ಸಣ್ಣ ಪಂಪು, ಫಿಶ್ ಟ್ಯಾಂಕಿಗೆ ಹಾಕೋ ಥರದ್ದು, 5 ವೋಲ್ಟ್ ಅಥವಾ 12 ವೋಲ್ಟ್, ಅಡಾಪ್ಟರ್ ಜೊತೆ ಬರೋದು. ಪಂಪಿನ ಡಬ್ಬಿ ಮೇಲೆ ಹೆಡ್ 1 ಮೀಟರ್ ಅಂತ ಬರೆದಿದ್ರೆ ಒಂದು ಮೀಟರ್ ಎತ್ತರಕ್ಕೆ ನೀರು ಕೊಡ್ತದೆ ಅಂತಲ್ಲ, ಆ ಎತ್ತರಕ್ಕೆ ಹೋದ್ಮೇಲೆ ಒಂದು ಹನಿನೂ ಬೀಳೋದಿಲ್ಲ ಅಂತ ಅರ್ಥ. ಅದ್ಕೆ ನಿಮ್ಮ ಸ್ಟ್ಯಾಂಡ್ ಎರಡಡಿ ಇದ್ರೆ 2 ಮೀಟರ್ ಹೆಡ್ಡಿಂದೇ ತಗಳಿ. ಪಂಪಿಂದ ಒಂದು ದಪ್ಪ ಪೈಪು, ಅದಕ್ಕೆ ತೂತು ಹೊಡೆದು 4 ಎಂಎಂ ಮೈಕ್ರೋ ಟ್ಯೂಬ್ ಹತ್ತು. ಎಂಟು ಕುಂಡಕ್ಕೆ ಹತ್ತು ಯಾಕಂದ್ರೆ ಪಾಮ್ ಕುಂಡ ದೊಡ್ಡದು, ಒಂದೊಂದಕ್ಕೆ ಎರಡೆರಡು ಟ್ಯೂಬು. (ಹೆಸರು ಅರೇಕಾ ಅಂತ ಇದೆ ಅಷ್ಟೇ, ಅದು ನಮ್ಮ ಅಡಿಕೆ ಅಲ್ಲ, ಮಡಗಾಸ್ಕರ್ ಕಡೆ ಗಿಡ. ಇಲ್ಲಿ ಒಬ್ರು ಅಡಿಕೆ ಗೊನೆ ಯಾವಾಗ ಬಿಡ್ತದೆ ಅಂತ ಕೇಳಿದ್ರು ಮಾರಾಯ್ರೆ.)

ಟ್ಯೂಬ್ ಕಪ್ಪುದೇ ಇರ್ಲಿ. ಬಿಳಿ ಪಾರದರ್ಶಕ ಟ್ಯೂಬಲ್ಲಿ ಬೆಳಕು ಬಿದ್ದು ಪಾಚಿ ಕಟ್ತದೆ. ಇನ್ನೊಂದು, ಹತ್ತೂ ಟ್ಯೂಬು ಒಂದೇ ಉದ್ದಕ್ಕೆ ಕತ್ತರಿಸಿ. ಹತ್ತಿರದ ಕುಂಡಕ್ಕೆ ಗಿಡ್ಡ, ದೂರದ್ದಕ್ಕೆ ಉದ್ದ ಅಂತ ಎಲ್ಲರೂ ಮಾಡ್ತಾರೆ, ಆಗ ಹತ್ತಿರದ್ದು ಕುಡಿದು ಕುಡಿದು ಕೊಳೀತದೆ, ದೂರದ್ದು ಒಣಗ್ತದೆ. ಸಣ್ಣ ನಳಿಲಿ ಉದ್ದ ಜಾಸ್ತಿ ಆದಷ್ಟೂ ನೀರು ಕಮ್ಮಿ, ಅಷ್ಟೇ ಲೆಕ್ಕ. ಹತ್ತಿರದ್ದಕ್ಕೆ ಉಳಿದ ಟ್ಯೂಬನ್ನ ಸಿಂಬೆ ಸುತ್ತಿ ಕುಂಡದ ಹಿಂದೆ ಇಟ್ಬಿಡಿ. ಕುಂಡಗಳೂ ಸುಮಾರು ಒಂದೇ ಎತ್ತರದಲ್ಲಿರ್ಲಿ, ಈ ಪಂಪಿಗೆ ಒಂದಡಿ ವ್ಯತ್ಯಾಸವೂ ದೊಡ್ಡದೇ. ತೋಟಕ್ಕೆ ಹಾಕೋ ಪ್ರೆಶರ್ ಕಾಂಪೆನ್ಸೇಟಿಂಗ್ ಡ್ರಿಪ್ಪರ್ (ಪ್ರೆಶರ್ ಹೆಚ್ಚುಕಮ್ಮಿ ಆದ್ರೂ ಒಂದೇ ಸಮ ಹನಿ ಬಿಡೋದು) ತಂದು ಚುಚ್ಚಬೇಡಿ, ಅದು ಸರಿಯಾಗಿ ಕೆಲಸ ಮಾಡೋಷ್ಟು ಪ್ರೆಶರ್ ಇದ್ರಲ್ಲಿ ಬರೋದಿಲ್ಲ.

ಆಮೇಲೆ ಇದನ್ನ ಗಮನ ಇಟ್ಟು ಓದಿ. ಬಕೆಟ್ ನೆಲದ ಮೇಲೆ, ಕುಂಡ ಸ್ಟ್ಯಾಂಡ್ ಮೇಲೆ. ಉಲ್ಟಾ ಮಾಡಬೇಡಿ. ನಮ್ಮನೆ ಜಗಲಿಲಿ ಅಮ್ಮನ ಆಂಥೂರಿಯಮ್ಮಿಗೆ ಮೊದಲ ಸಲ ಮಾಡಿದಾಗ ಚಂದ ಕಾಣ್ಲಿ ಅಂತ ಬಕೆಟನ್ನ ಕಪಾಟಿನ ಮೇಲಿಟ್ಟಿದ್ದೆ. ರಾತ್ರಿ 9 ಕ್ಕೆ ಪಂಪ್ ಎರಡು ನಿಮಿಷ ಓಡಿ ನಿಂತಿತು, ನಾನೂ ಟೈಮರ್ ನೋಡಿ ಸಮಾಧಾನ ಮಾಡ್ಕಂಡು ಮಲಗಿದೆ. ಬೆಳಿಗ್ಗೆ ಜಗಲಿ ತುಂಬ ನೀರು, ಅಂಚಿಗೆ ಇಟ್ಟಿದ್ದ ಪೇಪರ್ ಕಟ್ಟು ತೇಲ್ತಾ ಇತ್ತು, ಬಕೆಟ್ ಖಾಲಿ. ಪಂಪ್ ನಿಂತ್ರೂ ನಳಿಲಿ ನೀರಿನ ಎಳೆ ತುಂಡಾಗಿರ್ಲಿಲ್ಲ, ಮೇಲಿನ ಬಕೆಟ್ಟಿಂದ ಕೆಳಗಿನ ಕುಂಡಕ್ಕೆ ತನ್ನಷ್ಟಕ್ಕೆ ಎಳೀತಾ ಹೋಯ್ತು. ಸೈಫನ್ ಅಂತಾರಲ್ಲ ಅದು. 15 ವರ್ಷ ತೋಟದಲ್ಲಿ ಪೈಪ್ ಎಳೆದವನಿಗೆ ಇದು ಹೊಳೀಲಿಲ್ಲ ನೋಡಿ, ಅಮ್ಮ ಇವತ್ತಿಗೂ ಬಿಡೋದಿಲ್ಲ. ಬಕೆಟ್ ಮೇಲೇ ಇಡಬೇಕು ಅಂತಾದ್ರೆ ಬಕೆಟ್ಟಿನೊಳಗೆ, ನೀರಿನ ಮಟ್ಟಕ್ಕಿಂತ ಮೇಲೆ, ಪೈಪಿಗೆ ಸೂಜಿ ಕಾಯಿಸಿ ಒಂದು ತೂತು ಮಾಡಿ. ಪಂಪ್ ಓಡುವಾಗ ಅಲ್ಲಿಂದ ಸ್ವಲ್ಪ ಬಕೆಟ್ಟಿಗೇ ಚಿಮ್ತದೆ, ನಿಂತಾಗ ಗಾಳಿ ಒಳಗೆ ಹೋಗಿ ಎಳೆ ತುಂಡಾಗ್ತದೆ.

ಪ್ರಶ್ನೆ (ಕಾರವಾರ):
ಅಬ್ಬಾ, ಕಪಾಟಿನ ಮೇಲೇ ಇಡೋಣ ಅಂತ ನಾನೂ ಅಂದ್ಕೊಂಡಿದ್ದೆ! ಸರಿ, ಎಷ್ಟು ನಿಮಿಷ, ಎಷ್ಟು ದಿನಕ್ಕೊಮ್ಮೆ ಇಡೋದು?

ಉತ್ತರ (ಶಿರಸಿ):
ನಿಮಿಷ ನಾನು ಹೇಳೋದಲ್ಲ, ನಿಮ್ಮನೆ ಲೋಟ ಹೇಳ್ತದೆ. ಹತ್ತು ಟ್ಯೂಬಿನ ತುದಿನೂ ಕುಂಡದ ಎತ್ತರದಲ್ಲೇ ಹತ್ತು ಲೋಟಕ್ಕೆ ಇಳಿಬಿಟ್ಟು ಒಂದು ನಿಮಿಷ ಪಂಪ್ ಓಡಿಸಿ, ಆಮೇಲೆ ಅಳೀರಿ. ಲೋಟಕ್ಕೆ 100 ಎಂಎಲ್ ಬಂತು ಅಂತಿಟ್ಕಳಿ, ಎರಡು ನಿಮಿಷಕ್ಕೆ 200. ನಿಮ್ಮ ಆರೇಳು ಇಂಚಿನ ಕುಂಡಕ್ಕೆ ಮಳೆಗಾಲದಲ್ಲಿ ಒಂದು ಸಲಕ್ಕೆ ಅಷ್ಟು ಸಾಕು, ಪಾಮಿಗೆ ಎರಡು ಟ್ಯೂಬಿಂದ 400. ಒಟ್ಟು ಒಂದು ಸರ್ತಿಗೆ 2 ಲೀಟರ್. ಸೋಮವಾರ, ಗುರುವಾರ ಮಾತ್ರ ಇಡಿ, 20 ದಿನದಲ್ಲಿ ಆರು ಸಲ ಬಂತು, 12 ಲೀಟರ್. ಬಕೆಟ್ಟಿಗೆ 18 ತುಂಬಿಸಿ. ತಳದ 3 ಲೀಟರ್ ಲೆಕ್ಕಕ್ಕಿಲ್ಲ, ಪಂಪ್ ಯಾವಾಗಲೂ ನೀರಲ್ಲಿ ಮುಳುಗಿರಬೇಕು, ಒಣಗಿ ಓಡಿದ್ರೆ ಸುಟ್ಟು ಹೋಗ್ತದೆ. ಬೇಸಿಗೆಲಿ ಹೋಗೋದಾದ್ರೆ ಈ ಲೆಕ್ಕ ನಡೆಯೋದಿಲ್ಲ ಮತ್ತೆ, ಏಪ್ರಿಲಿನಲ್ಲಿ ಫ್ಯಾನ್ ಕೆಳಗಿನ ಫರ್ನ್ ದಿನಾ ಕೇಳ್ತದೆ.

ಪ್ರಶ್ನೆ (ಯಲ್ಲಾಪುರ):
ಮಧ್ಯೆ ಬಾಯಿ ಹಾಕ್ತೀನಿ ಭಾವ, ನಮ್ಮಲ್ಲಿ ಮಳೆ ಶುರುವಾದ್ರೆ ಕರೆಂಟ್ ದಿನಗಟ್ಟಲೆ ಇರೋದಿಲ್ಲ, ಟೈಮರ್ ಕಥೆ ಏನು? ಪವರ್‌ಬ್ಯಾಂಕಿಗೆ ಹಾಕಿದ್ರೆ ಆಗೋದಿಲ್ವಾ? ನನ್ನ ಹತ್ರ ಮದ್ದು ಹೊಡೆಯೋ ಹಳೇ ಬ್ಯಾಟರಿ ಸ್ಪ್ರೇಯರ್ ಕೂಡ ಇದ್ದು.

ಉತ್ತರ (ಶಿರಸಿ):
ಭಾವ, ಪ್ಲಗ್ಗಿಗೆ ಹಾಕೋ ಗಿರಗಿಟ್ಲೆ ಟೈಮರ್, ಸುತ್ತ ಹಲ್ಲು ಇರ್ತದಲ್ಲ, ಅದು ಬೇಡ. ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ತದೆ, ಬೆಳಗಿನ ನೀರು ಮಧ್ಯರಾತ್ರಿಗೆ ಬೀಳ್ತದೆ. ಮೇಲಿಂದ ಅದ್ರಲ್ಲಿ ಸಾಮಾನ್ಯವಾಗಿ ಒಂದು ಹಲ್ಲು ಅಂದ್ರೆ 15 ನಿಮಿಷ, ನಮಗೆ ಬೇಕಾಗಿದ್ದು ಎರಡು. ಒಳಗೆ ಸಣ್ಣ ಬ್ಯಾಟರಿ ಇರೋ ಡಿಜಿಟಲ್ ಟೈಮರ್, ವಾರದ ದಿನ ಆರಿಸೋ ಅಂಥದ್ದು ತಗಳಿ. ಅದು ಟೈಮ್ ಮರೆಯೋದಿಲ್ಲ, ಆದ್ರೆ ಸರಿಯಾಗಿ ಆ ಎರಡು ನಿಮಿಷವೇ ಕರೆಂಟ್ ಇಲ್ಲಾಂದ್ರೆ ಆ ಸರ್ತಿ ನೀರಿಲ್ಲ. ಮಳೆಗಾಲದಲ್ಲಿ ಒಂದು ಸರ್ತಿ ತಪ್ಪಿದ್ರೆ ಯಾವ ಗಿಡವೂ ಸಾಯೋದಿಲ್ಲ ಬಿಡಿ. ಇನ್ವರ್ಟರ್ ಇದ್ರೆ ಆ ಪ್ಲಗ್ಗಿಗೇ ಹಾಕಿ, ಮುಗೀತು. ಪವರ್‌ಬ್ಯಾಂಕ್ ನಂಬಬೇಡಿ, ಸುಮಾರು ಪವರ್‌ಬ್ಯಾಂಕು ಕರೆಂಟ್ ಎಳೆಯೋದು ಕಮ್ಮಿ ಅಂತ ಕಂಡ್ರೆ ಫೋನ್ ಚಾರ್ಜ್ ಆಯ್ತು ಅಂತ ತಿಳ್ಕಂಡು ಆಫ್ ಆಗ್ತದೆ, ಟೈಮರ್ ಸಾಯ್ತದೆ.

ಸ್ಪ್ರೇಯರ್ ಪಂಪು 12 ವೋಲ್ಟಿಂದು, ಗಟ್ಟಿ ಇದೆ ನಿಜ. ಆದ್ರೆ ಅದರಲ್ಲಿ ಕಳೆನಾಶಕ ಹೊಡೆದಿದ್ರೆ ಮನೆಗೆ ತರಲೇಬೇಡಿ, ಎಷ್ಟು ತೊಳೆದ್ರೂ ವಾಶರಲ್ಲಿ ಉಳೀತದೆ, ಕುಂಡದ ಗಿಡ ಎಲೆ ಮುರುಟ್ಕಂಡು ನಿಲ್ತದೆ. ಅದಿಲ್ಲಾಂದ್ರೂ ಪ್ರೆಶರ್ ಸ್ವಿಚ್ ಇರೋ ಪಂಪು ಇಷ್ಟು ಸಣ್ಣ ಟ್ಯೂಬಿಗೆ ಟಕ ಟಕ ಅಂತ ಆನ್ ಆಫ್ ಆಗ್ತಾ ಇರ್ತದೆ.

ಪ್ರಶ್ನೆ (ಕುಮಟಾ):
ಇಷ್ಟೆಲ್ಲ ಯಾಕೆ, ಮೆಡಿಕಲ್ ಶಾಪಿಂದ ಹೊಸ ಸಲೈನ್ ಸೆಟ್ ತಂದು ಬಾಟ್ಲಿಗೆ ಚುಚ್ಚಿ ಹನಿ ಹನಿ ಬಿಟ್ರೆ ಆಗೋದಿಲ್ವಾ? ನಾವು ತುಳಸಿಗೆ ಹಂಗೇ ಮಾಡಿದ್ದು.

ಉತ್ತರ (ಶಿರಸಿ):
ಎರಡು ದಿನಕ್ಕಾದ್ರೆ ಚಂದ ಉಪಾಯ. 20 ದಿನಕ್ಕೆ ಲೆಕ್ಕ ಹಾಕಿ ನೋಡಿ. ಸಾಮಾನ್ಯ ಸೆಟ್ಟಿನಲ್ಲಿ 20 ಹನಿಗೆ 1 ಎಂಎಲ್. ನೀವು ಬಹಳ ನಿಧಾನ ಅಂತ ನಿಮಿಷಕ್ಕೆ 10 ಹನಿ ಬಿಟ್ರೂ ಗಂಟೆಗೆ 30 ಎಂಎಲ್, ದಿನಕ್ಕೆ 720. ಎರಡು ಲೀಟರ್ ಬಾಟ್ಲಿ ಮೂರು ದಿನ ಪೂರ್ತಿ ಬರೋದಿಲ್ಲ, ಅಷ್ಟರಲ್ಲಿ ಆರಿಂಚಿನ ಕುಂಡ ಕೆಸರುಗದ್ದೆ. ಇನ್ನೂ ತಿರುಪಿದ್ರೆ ಬಾಟ್ಲಿ ಮಟ್ಟ ಇಳಿದ ಹಂಗೆ ಹನಿ ನಿಂತೇ ಹೋಗ್ತದೆ. ತುಳಸಿ ಹೊರಗೆ ಬಿಸಿಲಲ್ಲಿ ಇರ್ತದೆ, ಕುಡ್ಕಳ್ತದೆ.

ಪ್ರಶ್ನೆ (ಕಾರವಾರ):
ಹತ್ತು ದಿನದ ನಂತರ ಬರೀತಾ ಇದೀನಿ. ಎಲ್ಲಾ ಕೂರಿಸಿ ನಾವು ಮನೇಲಿದ್ದಾಗಲೇ ಓಡಿಸಿ ನೋಡಿದ್ವಿ. ಲೋಟಕ್ಕೆ ಸರಿಯಾಗಿ 100 ರ ಹತ್ರ ಹತ್ರ ಬರ್ತಾ ಇದೆ, ಒಂದರಲ್ಲಿ ಮಾತ್ರ 60. ಇನ್ನೊಂದು ತೊಂದ್ರೆ, ಫರ್ನ್ ಕುಂಡಕ್ಕೆ ಬಿದ್ದ ನೀರೆಲ್ಲ ಎರಡೇ ನಿಮಿಷದಲ್ಲಿ ಕೆಳಗಿನ ತಟ್ಟೆಗೆ ಇಳೀತದೆ, ಮೇಲೆ ಮುಟ್ಟಿದ್ರೆ ಒಣ. ನಮ್ಮಲ್ಲಿ ಬರೋದು ಬಾವಿ ನೀರು, ಬಕೆಟ್ಟಲ್ಲಿ ಎರಡು ದಿನ ಇಟ್ರೆ ತಳದಲ್ಲಿ ಕೆಂಪಗೆ ಕೂರ್ತದೆ, ಅದೂ ಒಂದು.

ಉತ್ತರ (ಶಿರಸಿ):
60 ಬಂದ ಟ್ಯೂಬಿನ ತುದಿ ಓರೆ ಕತ್ತರಿಸಿರ್ತೀರಿ ಇಲ್ಲಾ ಎಲ್ಲೋ ಮಡಚಿರ್ತದೆ, ಬಾಯಿಂದ ಊದಿ ನೋಡಿ. ಫರ್ನಿಂದು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಪೂರ್ತಿ ಒಣಗಿ ಕುಂಡದ ಅಂಚಿಂದ ಬಿಟ್ಕಂಡಿದೆ, ನೀರು ಆ ಸಂದಿಲಿ ಜಾರಿ ಹೋಗ್ತದೆ. ಇಡೀ ಕುಂಡವನ್ನ ಒಂದು ಟಬ್ಬಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ಗುಳ್ಳೆ ಬರೋದು ನಿಂತ್ಮೇಲೆ ತೆಗೆದು ನೀರು ಸೋರಿಸಿ, ಅಂಚಿನ ಸಂದಿಗೆ ಒಂದು ಹಿಡಿ ಮಣ್ಣು ಗೊಬ್ಬರ ಒತ್ತಿ.

ಕೆಂಪಗೆ ಕೂರೋದು ಕಬ್ಬಿಣದ ಅಂಶ, ಚಿರೆಕಲ್ಲಿನ ನೆಲದ ಬಾವಿಲಿ ಅದು ಇದ್ದಿದ್ದೇ, ನಮ್ಮ ತೋಟದ ಡ್ರಿಪ್ಪರ್ ಕಟ್ಟೋದೂ ಅದೇ ಲೋಳೆಯಿಂದ. ಎರಡು ದಿನ ಬೇರೆ ಪಾತ್ರೆಲಿ ಇಟ್ಟು ಮೇಲಿನ ತಿಳಿ ಮಾತ್ರ ಹಳೇ ಪಂಚೆ ಬಟ್ಟೆಲಿ ಸೋಸಿ ಬಕೆಟ್ಟಿಗೆ ಹಾಕಿ. ಮಳೆನೀರು ಹಿಡಿಯೋದಾದ್ರೆ ಇನ್ನೂ ಒಳ್ಳೇದು, ಜೂನ್ ಮುಗಿಯೋ ಹೊತ್ತಿಗೆ ಕಾರವಾರದಲ್ಲಿ ಅದಕ್ಕೇನು ಬರ ಇಲ್ಲ. ಕುಡಿಯೋ ನೀರಿನ ಆರ್‌ಓ ಮೆಶಿನ್ನಿಂದ ಹೊರಗೆ ಬಿಡೋ ನೀರು ಮಾತ್ರ ಹಾಕಬೇಡಿ, ಅದ್ರಲ್ಲಿ ಉಪ್ಪು ಕಟ್ಟಿರ್ತದೆ.

ಹೊರಡೋ ದಿನ ಈ ಕೆಲಸ ಮರೀಬೇಡಿ. ಕುಂಡದ ಕೆಳಗಿನ ತಟ್ಟೆ ಎಲ್ಲಾ ಖಾಲಿ ಮಾಡಿ, ಬಕೆಟ್ ಮುಚ್ಚಳದಲ್ಲಿ ವಾಯರ್ ಹೋಗೋ ತೂತಿಗೆ ಬಟ್ಟೆ ತುರುಕಿ, ನಿಂತ ನೀರಲ್ಲಿ ಡೆಂಗ್ಯೂ ಸೊಳ್ಳೆ ಆಗೋಕೆ 20 ದಿನ ಧಾರಾಳ ಸಾಕು. ಅಡಾಪ್ಟರನ್ನ ಬಕೆಟ್ಟಿಗಿಂತ ಮೇಲಿನ ಪ್ಲಗ್ಗಿಗೆ ಹಾಕಿ, ವಾಯರ್ ಒಮ್ಮೆ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹೋಗೋ ಹಂಗೆ ಬಿಡಿ, ಹನಿ ಜಾರಿದ್ರೂ ಪ್ಲಗ್ಗಿಗೆ ಹೋಗೋದಿಲ್ಲ. ಅಡಾಪ್ಟರ್ ಪಿನ್ನನ್ನೂ ಒಮ್ಮೆ ಒರೆಸಿ ನೋಡಿ, ನಿಮ್ಮ ಕಡೆ ಉಪ್ಪುಗಾಳಿಗೆ ಹಸಿರು ಹಿಡೀತದೆ. ಬಕೆಟ್ ಹೊರಗೆ ಲೀಟರಿಗೊಂದು ಗೆರೆ ಎಳೆದಿಡಿ, ಕೀ ಈ ಸಲವೂ ಬಾಯಿ ಹತ್ರಾನೇ ಕೊಡಿ, ಚೊಂಬು ಮಾತ್ರ ಒಳಗಿಟ್ಟು ಬೀಗ ಹಾಕಿ.

(ಕಾರವಾರ):
ಬೆಂಗಳೂರಿಂದ. ಮೊಮ್ಮಗಳು ಹುಟ್ಟಿದ್ಲು! ನಾಲ್ಕು ಸರ್ತಿ ನೀರು ಆಗಿದೆ, ಇವತ್ತು ಬಾಯಿ ಹೋಗಿ ನೋಡಿ ಬಂದ್ರು. ನೀರು 10 ರ ಗೆರೆಗಿಂತ ಒಂದು ಬೆರಳು ಕೆಳಗಿದೆಯಂತೆ. ಫರ್ನಲ್ಲಿ ಹೊಸ ಸುರುಳಿ ಬಂದಿದೆ, ಸ್ನೇಕ್ ಪ್ಲಾಂಟ್ ಬಾಯಾರಿದ ಹಂಗೆ ಕಾಣ್ತದೆ ಸ್ವಲ್ಪ ಹಾಕ್ಲಾ ಅಂತ ಕೇಳಿದ್ರು.

(ಶಿರಸಿ):
ಅಭಿನಂದನೆ ಅಕ್ಕ! 18 ರಲ್ಲಿ 8 ಹೋದ್ರೆ 10, ಒಂದು ಬೆರಳು ಆಚೀಚೆ ಆಗೋದೇ, ಉಳಿದ ಎರಡು ಸರ್ತಿಗೆ ಸಾಕು. ಬಾಯಿಗೆ ಈಗಲೇ ಫೋನ್ ಮಾಡಿ, ಸ್ನೇಕ್ ಪ್ಲಾಂಟ್ ಕಡೆ ನೋಡೋದೂ ಬೇಡ ಅಂತ ಹೇಳಿ.