ಅವಕಾಶ, ಹಕ್ಕು, ಅಕೌಂಟಬಿಲಿಟಿ: ಕೃಷಿ ಆಫೀಸಿನ ಕನ್ನಡದ ಬಗ್ಗೆ ಕೆಲವು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯಿಂದ ಬರೀತಿದ್ದೇನೆ. ಇಲ್ಲಿಯ ಕೃಷಿಕರಿಗೆ ಓದ್ಲಿಕ್ಕೆ ಅಂತ ಅಮೆರಿಕದ ಪಿಗ್‌ಫೋರ್ಡ್ ಕೇಸಿನ ಬಗ್ಗೆ ನಾಲ್ಕು ಪುಟ ಬರೀಲಿಕ್ಕೆ ಕೂತಿದ್ದೇನೆ, ಕೆಲವು ಪದಕ್ಕೆ ನಿಮ್ಮ ಸಹಾಯ ಬೇಕು.

ಕೇಸು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ. ಅಲ್ಲಿಯ ಕೃಷಿ ಇಲಾಖೆ ಸಾಲ ಕೊಡುವಾಗ ಕಪ್ಪುಜನಾಂಗದ ರೈತರಿಗೆ ಭೇದ ಮಾಡ್ತಿತ್ತು, ಒಂದೋ ಅರ್ಜಿ ತಳ್ಳಿಹಾಕೋದು, ಇಲ್ಲದಿದ್ರೆ ಬಿತ್ತನೆ ಎಲ್ಲ ಮುಗಿದ ಮೇಲೆ ದುಡ್ಡು ಕೊಡೋದು, ತೀರ್ಮಾನ ಮಾಡುವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಮಿಟಿಗಳಲ್ಲಿ ಹೆಚ್ಚುಕಮ್ಮಿ ಬಿಳಿಯರೇ. ದೂರು ಕೊಡುವಾ ಅಂದ್ರೆ ಅದನ್ನು ವಿಚಾರಿಸಬೇಕಾದ ಸಿವಿಲ್ ರೈಟ್ಸ್ ವಿಭಾಗವನ್ನೇ 1983ರಲ್ಲಿ ಕಿತ್ತುಹಾಕಿದ್ರು, ದೂರಿನ ಕಾಗದ ಮಾತ್ರ ಬಂದು ರಾಶಿ ಬೀಳ್ತಾ ಇತ್ತು. 1997ರಲ್ಲಿ ನಾರ್ತ್ ಕೆರೊಲಿನಾದ ತಿಮೊಥಿ ಪಿಗ್‌ಫೋರ್ಡ್ ಮತ್ತೆ ಬೇರೆ ರೈತರು ಕೋರ್ಟಿಗೆ ಹೋದರು, 1999ರಲ್ಲಿ ರಾಜಿ ಒಪ್ಪಂದ ಆಗಿ ಗೆದ್ದವರಲ್ಲಿ ಹೆಚ್ಚಿನವರಿಗೆ ತಲಾ 50,000 ಡಾಲರ್ ಸಿಕ್ಕಿತು, 2010ರಲ್ಲಿ ಎರಡನೇ ಸುತ್ತಿಗೆ ಮತ್ತೆ 125 ಕೋಟಿ ಡಾಲರ್.

ಸಿವಿಲ್ ರೈಟ್ಸ್‌ಗೆ ನಾಗರಿಕ ಹಕ್ಕು ಅಂತ ಹಾಕಿದ್ದೇನೆ, ಪೌರಹಕ್ಕು ಅಂತಲೂ ಬಳಕೆ ಉಂಟು, ಎರಡೂ ಆದೀತು. ನಮ್ಮಲ್ಲಿ ತೊಂದರೆ ಇರೋದು ಹಕ್ಕು ಅನ್ನೋದ್ರಲ್ಲೇ. ಮಲಯಾಳದಲ್ಲಿ ಹಕ್ಕಿಗೆ ಅವಕಾಶಂ ಅಂತಾರೆ, ಮಾನವ ಹಕ್ಕು ಆಯೋಗ ಅಲ್ಲಿ ಮನುಷ್ಯಾವಕಾಶ ಕಮಿಷನ್. ಅದನ್ನು ಕನ್ನಡ ಮಾಡುವವರು ಅವಕಾಶ ಅಂತಲೇ ಬಿಟ್ಟುಬಿಡ್ತಾರೆ. ಒಂದು ಕೃಷಿ ಆಫೀಸಿನ ಗೋಡೆಯಲ್ಲಿ ಕಂಡ ಬೋರ್ಡು: "ಕರ್ಷಕರಿಗೆ ಪರಾತಿ ನೀಡಲು ಅವಕಾಶ ಇರುತ್ತದೆ". ಕರ್ಷಕ (ರೈತ), ಪರಾತಿ (ದೂರು) ಎರಡೂ ಮಲಯಾಳ, ಅದು ಹೋಗಲಿ, ನೋಡಿದ ಕೂಡಲೇ ಗೊತ್ತಾಗ್ತದೆ. ಅವಕಾಶ ಮಾತ್ರ ಕನ್ನಡದ್ದೇ ಹಾಗೆ ಕಾಣ್ತದೆ, ಓದಿದವರು ಆಫೀಸಿನವರು ದಯೆಯಲ್ಲಿ ಒಂದು ಚಾನ್ಸ್ ಕೊಟ್ಟಿದ್ದಾರೆ ಅಂತ ತಿಳ್ಕೊಳ್ತಾರೆ. ಹಕ್ಕು ಅಂದ್ರೆ ನಾನು ಕೊಟ್ಟರೆ ಅವರು ತಗೊಳ್ಳಲೇಬೇಕು. ಅರ್ಜಿಯದ್ದೂ ಇದೇ ಕಥೆ, ಮಲಯಾಳದ ಅಪೇಕ್ಷ ಇಲ್ಲಿ ಅಪೇಕ್ಷೆ ಆಗಿ ಬರೀ ಆಸೆ ಆಗಿಬಿಡ್ತದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಆಫೀಸಿಗೆ ನಾವು ಕನ್ನಡದಲ್ಲಿ ಬರೀಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆ ಕನ್ನಡ ಹೀಗಿದ್ರೆ ಪ್ರಯೋಜನ ಏನು?

ಇನ್ನು ಅಕೌಂಟಬಿಲಿಟಿ, ಅಂದ್ರೆ ಯಾಕೆ ಮಾಡಿದ್ರಿ, ಯಾಕೆ ಮಾಡಿಲ್ಲ ಅಂತ ಕೇಳಿದ್ರೆ ಉತ್ತರ ಕೊಡಲೇಬೇಕಾದ್ದು. ಪೇಪರಿನವರು ಉತ್ತರದಾಯಿತ್ವ ಅಂತ ಬರೀತಾರೆ, ಆದ್ರೆ ದಿನಾ ಮಲಯಾಳದ ಉತ್ತರವಾದಿತ್ತಂ ಕೇಳುವ ನಮ್ಮವರಿಗೆ ಅದು ಜವಾಬ್ದಾರಿ ಅಂತಲೇ ಕೇಳಿಸ್ತದೆ. ಜವಾಬ್ದಾರಿಯ ಒಳಗೂ ಜವಾಬು ಉಂಟು, ಆದ್ರೆ ಈಗ ಮನೆ ಜವಾಬ್ದಾರಿ, ಮದುವೆ ಜವಾಬ್ದಾರಿ ಅಂತ ವಹಿಸಿಕೊಂಡ ಕೆಲಸ ಅನ್ನೋ ಅರ್ಥವೇ ಗಟ್ಟಿಯಾಗಿದೆ. ಹೊಣೆಗಾರಿಕೆ ನನಗೆ ಹೆಚ್ಚು ಇಷ್ಟ, ಹೊಣೆ ಅಂದ್ರೆ ಜಾಮೀನೂ ಹೌದು, ಮಾತು ತಪ್ಪಿದ್ರೆ ಹೊಣೆ ನಿಂತವರು ತೆರಬೇಕು. ಆದ್ರೂ ಅಲ್ಲಿಯ ಇಲಾಖೆಗೆ ಕೆಲಸ ವಹಿಸಿರ್ಲಿಲ್ಲ ಅಂತಲ್ಲ, ಯಾಕೆ ಮಾಡಿಲ್ಲ ಅಂತ ಕೇಳುವವರೇ ಇರ್ಲಿಲ್ಲ, ಆ ಕೇಳುವುದು ಹೊಣೆಗಾರಿಕೆಯಲ್ಲಿ ಬರುವುದಿಲ್ಲ. ಆಡುಮಾತಲ್ಲಿ ಹೇಳುವವರು ಕೇಳುವವರು ಇಲ್ಲ ಅಂತೇವಲ್ಲ, ಮಲಯಾಳದವರೂ ಚೋದಿಕ್ಕಾನುಂ ಪರಯಾನುಂ ಆಳಿಲ್ಲ ಅಂತಾರೆ, ಸರಿಯಾದ ಅರ್ಥ ಅದರಲ್ಲೇ ಉಂಟು. ಅದರಿಂದ ಒಂದು ಪದ ಮಾಡ್ಲಿಕ್ಕೆ ಆಗ್ತದಾ?

ಪರಿಹಾರದ ಬಗ್ಗೆಯೂ ಹೇಳಿ. ಬರಗಾಲಕ್ಕೂ ಪರಿಹಾರ, ಸರ್ಕಾರದ ತಪ್ಪಿಗೆ ನಷ್ಟ ತುಂಬಿಕೊಟ್ಟರೂ ಪರಿಹಾರ. ನಮ್ಮ ಕಾಸರಗೋಡಿನಲ್ಲಿ ಸರ್ಕಾರದ್ದೇ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳಿಗೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನೋ ಕೀಟದ ಮದ್ದು ಬಿಟ್ಟರು, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದನ್ನು ಯಾರಾದ್ರೂ ಸಹಾಯಧನ ಅಂದ್ರೆ ನನಗೆ ಹೊಟ್ಟೆ ಉರೀತದೆ. ಮಲಯಾಳದ ನಷ್ಟಪರಿಹಾರವನ್ನೇ ತಗೊಂಡ್ರೆ ಒಳನಾಡಿನವರಿಗೆ ಅರ್ಥ ಆದೀತಾ?

ತಮಿಳುನಾಡಿನ ತಾಳವಾಡಿ, ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯವರು ಈ ಬಳಗದಲ್ಲಿ ಇದ್ರೆ ನಿಮ್ಮಲ್ಲಿಯ ಕೃಷಿ ಆಫೀಸಿನ ಕನ್ನಡದಲ್ಲಿ ಹಕ್ಕಿಗೆ ಏನು ಬರೀತಾರೆ ತಿಳಿಸಿ, ಮರಾಠಿಯಲ್ಲಿ ಹಕ್ಕಿಗೆ ಹೇಳುವ ಅಧಿಕಾರ ಅನ್ನೋ ಪದ ಅಕ್ಕಲಕೋಟೆಯಲ್ಲಿ ಹಾಗೇ ಬಂದು ಕೂತಿದೆಯಾ?