ಬಂದುಹೋಗದೆ ನಿಧಾನವಾಗಿ ಏರುವ ಎಂ.ಎಸ್.: ಒಂದು ಪ್ರಶ್ನೆ, ಕೆಲವರ ಅನುಭವ

ಪ್ರಶ್ನೆ (ಹಾಸನ)

ಸರ್ಕಾರಿ ಪದವಿ ಕಾಲೇಜಿನಲ್ಲಿ ಅಧ್ಯಾಪಕನಾಗಿರುವ, ನಲವತ್ತೇಳರ ವಯಸ್ಸಿನ ನನ್ನ ಅಣ್ಣನಿಗೆ ಪ್ರೈಮರಿ ಪ್ರೋಗ್ರೆಸಿವ್ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಎಂ.ಎಸ್. ಕಾಯಿಲೆಯ ಆರಂಭದಿಂದಲೇ ಏರುವ ರೂಪ, ಇದೆ ಎಂದು ಕಳೆದ ತಿಂಗಳು ನರರೋಗ ತಜ್ಞರು ಹೇಳಿದ್ದಾರೆ. ಬಲಗಾಲು ಎಳೆಯುತ್ತಿದ್ದುದನ್ನು ಡಿಸ್ಕ್ ತೊಂದರೆ ಎಂದೇ ತಿಳಿದು ಇಷ್ಟು ಕಾಲ ಮೂಳೆ ವೈದ್ಯರಿಗೆ ತೋರಿಸುತ್ತಿದ್ದೆವು. ಎಂ.ಎಸ್. ಯುವತಿಯರಲ್ಲಿ ಹೆಚ್ಚು, ಬಂದುಬಂದು ಹೋಗುತ್ತದೆ ಎಂದು ಓದಿದ ಕಡೆಯಲ್ಲೆಲ್ಲ ಇದೆ. ಅಣ್ಣನಿಗೆ ಹಾಗೆ ಬಂದದ್ದೂ ಇಲ್ಲ, ಹೋದದ್ದೂ ಇಲ್ಲ. ಈ ಬಗೆಯ ಕಾಯಿಲೆ ಇರುವವರು ಹೇಗಿರುತ್ತಾರೆ, ಮನೆಯವರಾದ ನಾವು ಏನನ್ನು ಗಮನಿಸಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ, ಇದೇ ಕಾಯಿಲೆ ಇರುವ ಒಬ್ಬರು

ನಿಮ್ಮ ಅಣ್ಣನವರ ವಯಸ್ಸಾಗಲಿ, ಅವರು ಗಂಡಸು ಎಂಬುದಾಗಲಿ, ತೊಂದರೆ ಕಾಲಿನಿಂದ ಶುರುವಾದದ್ದಾಗಲಿ ಈ ರೂಪದಲ್ಲಿ ಅಪರೂಪವಲ್ಲ. ಎಂ.ಎಸ್. ಇರುವವರಲ್ಲಿ ಸುಮಾರು ಶೇ. 85ರಷ್ಟು ಜನರಿಗೆ ಅದು ಮರುಕಳಿಸುವ ರೂಪದಲ್ಲಿ, ಮೂವತ್ತರ ಆಸುಪಾಸಿನಲ್ಲಿ ಆರಂಭವಾಗುತ್ತದೆ, ಅವರಲ್ಲಿ ಹೆಂಗಸರು ಗಂಡಸರ ಎರಡು ಮೂರು ಪಟ್ಟು ಇರುತ್ತಾರೆ. ಆರಂಭದಿಂದಲೇ ನಿಧಾನವಾಗಿ ಏರುತ್ತ ಹೋಗುವ ರೂಪ ಶೇ. 10–15 ಜನರದು, ಅದು ಸಾಮಾನ್ಯವಾಗಿ ನಲವತ್ತರ ಹತ್ತಿರ ಕಾಣಿಸಿಕೊಳ್ಳುತ್ತದೆ ಮತ್ತು ಗಂಡಸರು, ಹೆಂಗಸರು ಹೆಚ್ಚುಕಡಿಮೆ ಸಮನಾಗಿರುತ್ತಾರೆ. ನೀವು ಓದಿದ್ದೆಲ್ಲ ಮೊದಲನೆಯ ಗುಂಪಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ನಮ್ಮಂಥವರಲ್ಲಿ ಬೆನ್ನುಹುರಿಗೆ ಪೆಟ್ಟು ಹೆಚ್ಚಾಗಿರುವುದರಿಂದ ಮೊದಲು ಕೆಡುವುದು ನಡಿಗೆ. ಇಂಥ ದಿನ ಶುರುವಾಯಿತು ಎಂದು ಹೇಳಲು ಬರುವುದಿಲ್ಲ. ಚಪ್ಪಲಿ ಗೊತ್ತಾಗದಂತೆ ಕಾಲಿನಿಂದ ಜಾರುತ್ತದೆ, ಮೆಟ್ಟಿಲಿಗೆ ಹೆಬ್ಬೆರಳು ತಾಗುತ್ತದೆ, ಬಸ್ ನಿಲ್ದಾಣದವರೆಗೆ ನಿಲ್ಲದೆ ನಡೆಯುತ್ತಿದ್ದವನು ನಡುವೆ ಒಂದು ಗೋಡೆಯನ್ನು ಹುಡುಕತೊಡಗುತ್ತಾನೆ. ಒಂದು ವಾರವನ್ನು ಇನ್ನೊಂದು ವಾರದ ಜೊತೆ ಹೋಲಿಸಿದರೆ ಏನೂ ತಿಳಿಯದು. ಹೋದ ಯುಗಾದಿಯನ್ನು ಈ ಯುಗಾದಿಯ ಜೊತೆ ಹೋಲಿಸಿದರೆ ತಿಳಿಯುತ್ತದೆ. ಆದ್ದರಿಂದ ಎಷ್ಟು ದೂರ ನಿಲ್ಲದೆ ನಡೆಯಬಲ್ಲರು, ಷರಟಿನ ಗುಂಡಿ ಹಾಕಲು ಎಷ್ಟು ಹೊತ್ತು ಹಿಡಿಯುತ್ತದೆ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ ಎಂಬುದನ್ನು ಮೂರು ನಾಲ್ಕು ತಿಂಗಳಿಗೊಮ್ಮೆ ಬರೆದಿಟ್ಟುಕೊಳ್ಳಿ. ಅಂಗವೈಕಲ್ಯವನ್ನು ಅಳೆಯಲು ವೈದ್ಯರು ಬಳಸುವ ಕರ್ಟ್ಸ್‌ಕೆ ಅಳತೆ ಸೊನ್ನೆಯಿಂದ ಹತ್ತರವರೆಗೆ ಇದೆ; ನೂರು ಮೀಟರ್ ನಡೆಯಲು ಕೋಲು ಬೇಕಾದರೆ ಅದು ಆರು. ನಾಲ್ಕನ್ನು ದಾಟಿದ ಮೇಲೆ ಅದು ಬಹುಪಾಲು ಕಾಲಿನ ಲೆಕ್ಕವೇ ಆಗಿರುವುದರಿಂದ, ಕೈಯ ಸೋಲು, ದಣಿವು, ಮರೆವು ಆ ಅಂಕಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಅವನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಇನ್ನೊಂದು ಮಾತು. 2013ರ ಪರಿಷ್ಕರಣೆಯ ನಂತರ ಈ ಕಾಯಿಲೆಯ ಹೆಸರಿನ ಜೊತೆಗೆ ಎರಡು ವಿಷಯಗಳನ್ನು ದಾಖಲಿಸುವ ಪದ್ಧತಿ ಬಂದಿದೆ: ಹೊಸ ಉರಿಯೂತ ಇದೆಯೇ, ಅಂಗವೈಕಲ್ಯ ಏರುತ್ತಿದೆಯೇ. ಅಣ್ಣನವರ ಕಡತದಲ್ಲಿ ಇವೆರಡಕ್ಕೂ ಏನು ಉತ್ತರವಿದೆ ಎಂದು ಕೇಳಿಕೊಳ್ಳಿ, ಔಷಧಿಯ ತೀರ್ಮಾನ ಅದನ್ನು ಅವಲಂಬಿಸುತ್ತದೆ.

ಶಿವಮೊಗ್ಗದಿಂದ, ರೋಗಿಯೊಬ್ಬರ ಪತಿ

ನನ್ನ ಪತ್ನಿಯದು ಬಂದುಹೋಗುವ ಎಂ.ಎಸ್. ಆಗಿತ್ತು, ಹಲವು ವರ್ಷಗಳ ಮೇಲೆ ಅದು ಏರುವ ರೂಪಕ್ಕೆ ತಿರುಗಿತು. ಇದನ್ನು ಸೆಕೆಂಡರಿ ಪ್ರೋಗ್ರೆಸಿವ್ ಎನ್ನುತ್ತಾರೆ. ದಾರಿ ಬೇರೆಯಾದರೂ ಈಗಿನ ದಿನಚರಿ ನಿಮ್ಮ ಅಣ್ಣನವರದಕ್ಕೆ ಹತ್ತಿರವೇ ಇರಬಹುದು ಎಂದು ಬರೆಯುತ್ತಿದ್ದೇನೆ.

ಕಾಲಿನ ತೊಂದರೆಯನ್ನು ಊರೇ ನೋಡುತ್ತದೆ. ನಡಿಗೆ ತೂರಾಡುವುದನ್ನು ಕಂಡು ಕುಡಿದಿದ್ದಾರೆ ಎಂದುಕೊಳ್ಳುವವರೂ ಇದ್ದಾರೆ. ಮನೆಯೊಳಗಿನ ಕಷ್ಟ ಬೇರೆಯೇ. ಮೊದಲನೆಯದು ದಣಿವು, ರಾತ್ರಿ ಚೆನ್ನಾಗಿ ಮಲಗಿ ಎದ್ದವರು ಬೆಳಿಗ್ಗೆ ಹತ್ತಕ್ಕೆ ಮತ್ತೆ ಮಲಗಲೇಬೇಕಾಗುವಂಥ ದಣಿವು ಅದು, ಅದನ್ನು ಸೋಮಾರಿತನ ಎಂದು ಹಿರಿಯರು ಒಮ್ಮೆ ಅಂದರೆ ಅದರ ನೋವು ಬಹಳ ದಿನ ಉಳಿಯುತ್ತದೆ. ಎರಡನೆಯದು ಯೋಚನೆಯ ವೇಗ. ಬುದ್ಧಿ ಹೋಗಿಲ್ಲ, ಹಳೆಯ ನೆನಪುಗಳೂ ಗಟ್ಟಿಯಾಗಿವೆ. ಆದರೆ ಇಬ್ಬರು ಒಟ್ಟಿಗೆ ಮಾತಾಡುತ್ತಿರುವಾಗ, ಕುಕ್ಕರ್ ಕೂಗುತ್ತಿರುವಾಗ, ಟಿ.ವಿ. ಹಾಕಿರುವಾಗ ಕೇಳಿದ ಪ್ರಶ್ನೆಗೆ ಉತ್ತರ ತಡವಾಗಿ ಬರುತ್ತದೆ. ಅಧ್ಯಾಪಕರಿಗೆ ಇದು ನಡಿಗೆಗಿಂತ ಹೆಚ್ಚು ಕಾಡಬಹುದು: ಪಾಠವನ್ನು ಸಲೀಸಾಗಿ ಮಾಡಬಲ್ಲವರು ವಿದ್ಯಾರ್ಥಿಗಳ ಎದುರುಪ್ರಶ್ನೆಗಳ ಮುಂದೆ ತಡವರಿಸಬಹುದು. ಅವರಾಗಿ ಇದನ್ನು ಹೇಳಿಕೊಳ್ಳುವುದಿಲ್ಲ. ನರರೋಗ ತಜ್ಞರನ್ನು ಕೇಳಿದರೆ ಇದಕ್ಕೆ ಚಿಕ್ಕ ಪರೀಕ್ಷೆಗಳಿವೆ.

ಮೂರನೆಯದನ್ನು ಹೇಳಲು ಎಲ್ಲರಿಗೂ ಸಂಕೋಚ. ಮೂತ್ರದ ಅವಸರ ತಡೆಯಲಾಗದು, ಆದರೆ ಹೋಗಿ ಕುಳಿತರೆ ಪೂರ್ತಿ ಖಾಲಿಯಾಗುವುದಿಲ್ಲ. ಆ ಭಯಕ್ಕೆ ಮದುವೆಗೆ, ಜಾತ್ರೆಗೆ ಹೊರಡುವ ದಿನ ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ, ಅದರಿಂದ ಮಲಬದ್ಧತೆಯೂ ಸೋಂಕೂ ಹೆಚ್ಚುತ್ತವೆ. ಕಾಲು ಇದ್ದಕ್ಕಿದ್ದಂತೆ ಎರಡೇ ದಿನದಲ್ಲಿ ಬಿದ್ದುಹೋದಂತೆ ಕಂಡರೆ ಕಾಯಿಲೆ ಏರಿತು ಎಂದು ಎದೆಗುಂದುವ ಮೊದಲು ಜ್ವರ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ. ಉರಿಯಿಲ್ಲದ ಸೋಂಕು ಕೂಡ ಹಾಗೆ ಮಾಡುತ್ತದೆ ಮತ್ತು ಸೋಂಕು ಇಳಿದ ಮೇಲೆ ಕಾಲು ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಬರುತ್ತದೆ. ಖಿನ್ನತೆಯೂ ಈ ಕಾಯಿಲೆಯಲ್ಲಿ ಸಾಮಾನ್ಯ. ಅದನ್ನು ಮನಸ್ಸಿನ ದೌರ್ಬಲ್ಯವೆನ್ನದೆ ಚಿಕಿತ್ಸೆ ಕೊಡಿಸಿ.

ಕಲಬುರಗಿಯಿಂದ, ಒಬ್ಬ ರೋಗಿ

ನಮ್ಮ ಕಡೆಯ ಬೇಸಿಗೆ ಎಂ.ಎಸ್. ಇರುವವರಿಗೆ ದೊಡ್ಡ ಶತ್ರು. ಮೈಯ ಬಿಸಿ ಸ್ವಲ್ಪ ಏರಿದರೂ ಹಾನಿಗೊಂಡ ನರಗಳಲ್ಲಿ ಸಂಕೇತ ಸರಿಯಾಗಿ ಸಾಗುವುದಿಲ್ಲ. ಮೈದಣಿದಾಗ ರೋಗಿಗಳ ದೃಷ್ಟಿ ತಾತ್ಕಾಲಿಕವಾಗಿ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಗುರುತಿಸಿದ್ದರು; ಅದಕ್ಕೆ ಮೈಯ ಬಿಸಿ ಕಾರಣ ಎಂಬುದು ಆಮೇಲೆ ತಿಳಿಯಿತು. ಹಬ್ಬದ ಎಣ್ಣೆಸ್ನಾನಕ್ಕೆ ಸುಡುನೀರು ಹಾಕಿಕೊಂಡು ಬಚ್ಚಲಿನಿಂದ ಎದ್ದು ಬರಲಾರದವರನ್ನು ನಾನು ಬಲ್ಲೆ. ಎಣ್ಣೆ ಇರಲಿ, ನೀರು ಉಗುರುಬೆಚ್ಚಗಿರಲಿ, ಬಚ್ಚಲಿನಲ್ಲಿ ಒಂದು ಸ್ಟೂಲ್ ಇರಲಿ. ಬಿಸಿಯಿಂದ ಬಂದ ಸೋಲು ಮೈ ತಣಿದಾಗ ಹೋಗುತ್ತದೆ.

ಮಂಗಳೂರಿನಿಂದ, ಫಿಸಿಯೋಥೆರಪಿಸ್ಟ್

ಕಾಲು ಸೆಟೆದುಕೊಳ್ಳುವುದನ್ನು ಪೂರ್ತಿ ತೆಗೆದುಹಾಕಬೇಕೆಂದು ಮನೆಯವರು ಹಟ ಹಿಡಿಯುವುದನ್ನು ನೋಡುತ್ತಿರುತ್ತೇನೆ. ಬಲ ಕುಂದಿದ ಕಾಲಿಗೆ ಆ ಬಿಗಿತವೇ ಊರುಗೋಲಾಗಿ ನಿಂತಿರುತ್ತದೆ. ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಮಾತ್ರೆಯ ಪ್ರಮಾಣ ಹೆಚ್ಚಾದಾಗ ಬಿಗಿತ ಇಳಿಯುತ್ತದೆ, ಜೊತೆಗೆ ನಿಲ್ಲುವ ಶಕ್ತಿಯೂ ಇಳಿಯುತ್ತದೆ. ಪ್ರಮಾಣವನ್ನು ವೈದ್ಯರು ನಿಧಾನವಾಗಿ ಹೊಂದಿಸಬೇಕು, ಮತ್ತು ಆ ಮಾತ್ರೆಯನ್ನು ಯಾವ ಕಾರಣಕ್ಕೂ ಒಮ್ಮೆಲೇ ನಿಲ್ಲಿಸಬಾರದು, ಅಪಸ್ಮಾರದಂಥ ಅಪಾಯಗಳಿವೆ. ಬಿಗಿತ ದಿಢೀರನೆ ಹೆಚ್ಚಿದರೆ ಸೋಂಕು, ಮಲಬದ್ಧತೆ, ಕಾಲಿನ ಹುಣ್ಣು, ಒಳಕ್ಕೆ ಬೆಳೆದ ಉಗುರು ಇವನ್ನು ಹುಡುಕಿ. ಕೋಲನ್ನು ಸೋತ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಅಣ್ಣನವರದು ಬಲಗಾಲಾದ್ದರಿಂದ ಕೋಲು ಎಡಗೈಯಲ್ಲಿರಲಿ. ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿ ಬೇಡ. ವ್ಯಾಯಾಮವನ್ನು ಬೆಳಗಿನ ತಂಪಿನಲ್ಲಿ, ತುಂಡುತುಂಡಾಗಿ ಮಾಡಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಆರು ತಿಂಗಳಿಗೊಮ್ಮೆ ಕೊಡುವ ಡ್ರಿಪ್ ಒಂದಿದೆ, ಯೋಚಿಸಿ ಹೇಳಿ ಎಂದಿದ್ದಾರೆ. ನೆಂಟರೊಬ್ಬರು ಸ್ಟೆಮ್ ಸೆಲ್ ಕೇಂದ್ರವೊಂದರ ಕರಪತ್ರ ತಂದುಕೊಟ್ಟಿದ್ದಾರೆ. ಅಣ್ಣನ ಚಿಂತೆ ಮಾತ್ರ ನೌಕರಿಯದು.

ಬೆಂಗಳೂರಿನಿಂದ, ಮೊದಲು ಉತ್ತರಿಸಿದವರು

ಆ ಡ್ರಿಪ್ ಓಕ್ರೆಲಿಜುಮಾಬ್ ಇರಬೇಕು. ಈ ರೂಪಕ್ಕೆ ಅಮೆರಿಕದ ಔಷಧ ನಿಯಂತ್ರಕರು ಮೊಟ್ಟಮೊದಲು, 2017ರಲ್ಲಿ ಒಪ್ಪಿಗೆ ಕೊಟ್ಟ ಔಷಧಿ ಅದು. ಅದರ ಪ್ರಯೋಗದಲ್ಲಿ ಅಂಗವೈಕಲ್ಯ ಏರುವ ಅಪಾಯ ಸುಮಾರು ಶೇ. 24ರಷ್ಟು ತಗ್ಗಿತು. ಅಂದರೆ ಏರುವ ವೇಗ ಕಡಿಮೆಯಾಗಬಹುದು, ಹೋದ ಬಲ ಮರಳುತ್ತದೆ ಎಂದಲ್ಲ. ಪ್ರಯೋಗಕ್ಕೆ ಸೇರಿಸಿಕೊಂಡದ್ದು 55 ವರ್ಷದೊಳಗಿನವರನ್ನು, ಇನ್ನೂ ನಡೆಯಬಲ್ಲವರನ್ನು. ಅಣ್ಣನವರು ಆ ವಯಸ್ಸಿನೊಳಗೆ ಇರುವುದರಿಂದ ತೀರ್ಮಾನವನ್ನು ಬಹಳ ಮುಂದೂಡದಿರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆರಂಭಿಸುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಬೇಕಾದ ಲಸಿಕೆಗಳನ್ನೂ ಮೊದಲೇ ಮುಗಿಸಿಕೊಳ್ಳಬೇಕು. ಬೆಲೆ ಲಕ್ಷಗಳಲ್ಲಿದೆ, ಅಗ್ಗವೆಂದು ಸೂಚಿಸಲಾಗುವ ರಿಟುಕ್ಸಿಮಾಬ್, ಈ ರೂಪದ ಮೇಲೆ ನಡೆದ ಪ್ರಯೋಗದಲ್ಲಿ ಒಟ್ಟಾರೆಯಾಗಿ ಗೆಲ್ಲಲಿಲ್ಲ, ಕಿರಿಯ ವಯಸ್ಸಿನ, ಉರಿಯೂತ ಕಾಣುತ್ತಿದ್ದ ರೋಗಿಗಳಲ್ಲಿ ಮಾತ್ರ ಪ್ರಯೋಜನದ ಸುಳಿವು ಸಿಕ್ಕಿತು. ಎರಡರ ಬಗ್ಗೆಯೂ ವೈದ್ಯರನ್ನು ನೇರವಾಗಿ ಕೇಳಿ. ಇನ್ನೊಂದು ಅಭಿಪ್ರಾಯ ಬೇಕೆನಿಸಿದರೆ ನಿಮ್ಹಾನ್ಸ್‌ಗೆ ಎಂ.ಆರ್.ಐ. ಸಿ.ಡಿ. ಸಮೇತ ಹೋಗಿ, ಬರಿಯ ವರದಿ ಸಾಲದು. ಹಣ ಕಟ್ಟಿಸಿಕೊಂಡು ಸ್ಟೆಮ್ ಸೆಲ್ ಚುಚ್ಚುವ ಕೇಂದ್ರಗಳಿಂದ ದೂರವಿರಿ. ಈ ಕಾಯಿಲೆಗೆ ಅದು ಮಾನ್ಯತೆ ಪಡೆದ ಚಿಕಿತ್ಸೆಯಲ್ಲ.

ಧಾರವಾಡದಿಂದ, ನಿವೃತ್ತ ಕಚೇರಿ ಅಧೀಕ್ಷಕರು

ನೌಕರಿಯ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿನಿಂದಲೇ ಇದೆ. ಅದೇ ಕಾಯ್ದೆಯ 20ನೆಯ ಕಲಮಿನ 4ನೆಯ ಉಪಕಲಮಿನ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರನನ್ನು ಆ ಕಾರಣಕ್ಕೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಈಗಿನ ಕೆಲಸ ಮಾಡಲಾಗದಿದ್ದರೆ ಅದೇ ವೇತನದ ಬೇರೆ ಹುದ್ದೆಗೆ ವರ್ಗಾಯಿಸಬೇಕು, ಅಂಥದ್ದು ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯಲ್ಲಿಟ್ಟು ಸಂಬಳ ಕೊಡಬೇಕು. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಈಗಲೇ ಅರ್ಜಿ ಹಾಕಿಸಿ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರದಲ್ಲಿ ಬಂದರೆ ಕಾಯ್ದೆಯ ಇತರ ಸೌಲಭ್ಯಗಳಿಗೂ ದಾರಿಯಾಗುತ್ತದೆ; ಅದಕ್ಕಿಂತ ಕಡಿಮೆ ಬಂದರೆ, ಕಾಯಿಲೆ ಏರುವ ಸ್ವಭಾವದ್ದಾದ್ದರಿಂದ, ಮುಂದೆ ಮರುಪರಿಶೀಲನೆ ಕೇಳಬಹುದು. ಸದ್ಯಕ್ಕೆ ಪ್ರಾಂಶುಪಾಲರಿಗೆ ವೈದ್ಯರ ಪತ್ರದ ಸಮೇತ ಬರಹದಲ್ಲಿ ಒಂದು ಮನವಿ ಕೊಟ್ಟು, ನೆಲಮಹಡಿಯ ಕೊಠಡಿಯನ್ನೂ ಬೆಳಗಿನ ತರಗತಿಗಳನ್ನೂ ಕೇಳಲಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಲಿ.